ಬಾದಾಮಿ ಬಂಡೆ ಚಪ್ಪಟೆಯಾಗಿ ಕಾಣುತ್ತಿದ್ದರೆ

ಜಲವರ್ಣದಲ್ಲಿ ಬಾದಾಮಿಯ ಬಂಡೆ ಇಟ್ಟಿಗೆ ಗೋಡೆಯಂತೆ ಚಪ್ಪಟೆಯಾಗುತ್ತಿದೆ ಅಂದಿರಿ. ಬಿಸಿಲಿಗೂ ನೆರಳಿಗೂ ಒಂದೇ ಕೆಂಪು ಹಚ್ಚಿರಬೇಕು. ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಪೆನ್ಸಿಲ್‌ನಲ್ಲಿ ನೆರಳಿನ ಆಕಾರ ಮಾತ್ರ ಗುರುತಿಸಿ. ಆಮೇಲೆ ಮಣ್ಣು ಹಳದಿಯ ಯೆಲ್ಲೋ ಓಕರ್‌ಗೆ ಸ್ವಲ್ಪ ಬರ್ನ್ಟ್ ಸಿಯೆನಾ (ಕೆಂಗಂದು ಬಣ್ಣ) ಬೆರೆಸಿ ಇಡೀ ಬಂಡೆಗೆ ತೆಳ್ಳಗೆ ಹಚ್ಚಿ. ಪೂರ್ತಿ ಒಣಗಲಿ. ನೆರಳಿಗೆ ಕಪ್ಪು ಬೇಡವೇ ಬೇಡ, ಬಂಡೆಯ ಕಳೆಯೇ ಹೋಗುತ್ತದೆ. ಸಿಯೆನಾಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ ಒಂದೇ ಸಲ ಹಚ್ಚಿ ಬಿಟ್ಟುಬಿಡಿ. ಜಾಸ್ತಿ ತಿದ್ದಿದರೆ ಕೆಸರಾಗುತ್ತದೆ. ಕಲ್ಲಿನ ಅಡ್ಡ ಪದರಗಳನ್ನು ಕೊನೆಗೆ ಅಲ್ಲೊಂದು ಇಲ್ಲೊಂದು ಎಳೆದರೆ ಸಾಕು.

ನಡುಮಧ್ಯಾಹ್ನ ಬೇಡ. ಬೆಳಿಗ್ಗೆ ಇಲ್ಲವೇ ಸಂಜೆ, ಬಂಡೆಗೆ ಬಿಸಿಲು ಓರೆಯಾಗಿ ಬೀಳುವಾಗ ಅಲ್ಲಿನ ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ಕೂರಿ. ಮನೆಯಲ್ಲಿ ಕಲ್ಪನೆಯಿಂದ ಬಿಡಿಸುವಾಗ ಬೆಳಕಿನ ದಿಕ್ಕಿಗೆ ಹಾಳೆಯ ಮೂಲೆಯಲ್ಲೊಂದು ಬಾಣ ಹಾಕಿಕೊಳ್ಳಿ.