ಯಾವುದು ನಿಂತಿದೆ, ಯಾವುದು ನಡೆದಿದೆ ಎಂದು ಬಿಡಿಸಿ ಬರೆಯಿರಿ

ಮಾನ್ಯರೇ,

ಧಾರವಾಡದಿಂದ ನಮಸ್ಕಾರಗಳು. ನೀವು ಗದಗದಿಂದ ಕಳಿಸಿದ ‘ಚಿಪ್‌ಗಳ ಓಟ ನಿಲ್ಲುವುದೇ?’ ಎಂಬ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಒಳ್ಳೆಯದಿದೆ, ನಿಮಗೆ ಅದರ ಮೇಲೆ ನಿಜವಾದ ಆಸಕ್ತಿಯೂ ಇದೆ. ಆದ್ದರಿಂದ ಎರಡು ಸಾಲಿನಲ್ಲಿ ತಿರಸ್ಕರಿಸುವ ಬದಲು ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಚಿಪ್‌ನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್‌ಗಳ (ಕರೆಂಟನ್ನು ಹಾಯಿಸುವ, ತಡೆಯುವ ಪುಟ್ಟ ಸ್ವಿಚ್ಚುಗಳ) ಸಂಖ್ಯೆ ನಿಗದಿತ ಅವಧಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ ಎಂಬ ಇಂಟೆಲ್ ಸಂಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಮೂರ್ ಅವರ ಮುನ್ನೋಟ, ಅಂದರೆ ‘ಮೂರ್ ನಿಯಮ’, ಇನ್ನೆಷ್ಟು ಕಾಲ ನಡೆದೀತು ಎಂಬುದು ನಿಮ್ಮ ಪ್ರಶ್ನೆ. ಲೇಖನದ ಕೊನೆಗೆ, 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾದ ಜೆನ್ಸನ್ ಹುವಾಂಗ್ ಅವರು ಆ ನಿಯಮದ ಕಾಲ ಮುಗಿಯಿತೆಂದೂ, ಆಗ ಇಂಟೆಲ್‌ನ ಮುಖ್ಯಸ್ಥರಾಗಿದ್ದ ಪ್ಯಾಟ್ ಗೆಲ್ಸಿಂಗರ್ ಅವರು ಅದಿನ್ನೂ ಜೀವಂತವಾಗಿದೆಯೆಂದೂ ಹೇಳಿದರೆಂದು ಬರೆದು, ‘ಕಾಲವೇ ಉತ್ತರಿಸಬೇಕು’ ಎಂದು ಕೈಬಿಟ್ಟಿದ್ದೀರಿ. ಇಬ್ಬರೂ ಆಗ ಚಿಪ್ ಮಾರುತ್ತಿದ್ದವರು. ಅವರವರ ಸರಕಿಗೆ ಹೊಂದುವ ಮಾತನ್ನು ಅವರು ಆಡಿದ್ದಾರೆ. ಓದುಗನಿಗೆ ಬೇಕಾದದ್ದು ನಿಮ್ಮ ನಿರ್ಣಯ.

ನಿರ್ಣಯ ಸಿಗದಿರಲು ಕಾರಣ, ನೀವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದು. ಟ್ರಾನ್ಸಿಸ್ಟರ್‌ಗಳ ಸಂಖ್ಯೆ, ಚಿಪ್‌ನ ವೇಗ, ಅದು ತಿನ್ನುವ ವಿದ್ಯುತ್ತು, ಒಂದೊಂದು ಟ್ರಾನ್ಸಿಸ್ಟರಿಗೆ ಬೀಳುವ ಖರ್ಚು, ಇವು ಬಹಳ ಕಾಲ ಜೊತೆಜೊತೆಯಾಗಿಯೇ ಸುಧಾರಿಸಿದವು. ಆಮೇಲೆ ಒಂದೊಂದಾಗಿ ದಾರಿ ಬೇರೆ ಮಾಡಿಕೊಂಡವು. ಈ ಅಗಲಿಕೆಯೇ ನಿಮ್ಮ ಲೇಖನದ ಕಥೆಯಾಗಬೇಕು.

ವೇಗದಿಂದಲೇ ಆರಂಭಿಸಿ. 1993ರ ಇಂಟೆಲ್ ಪೆಂಟಿಯಮ್ ಚಿಪ್ 66 ಮೆಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ 6.6 ಕೋಟಿ ಮಿಡಿತ) ಓಡುತ್ತಿತ್ತು. 2004ರ ಹೊತ್ತಿಗೆ ಪೆಂಟಿಯಮ್ 4 ಚಿಪ್ 3.8 ಗಿಗಾಹರ್ಟ್ಸ್ (3,800 ಮೆಗಾಹರ್ಟ್ಸ್) ಮುಟ್ಟಿತು, ಅಂದರೆ ಹನ್ನೊಂದು ವರ್ಷಗಳಲ್ಲಿ ಐವತ್ತು ಪಟ್ಟಿಗೂ ಮೇಲೆ. ಅದೇ ವರ್ಷ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಚಿಪ್‌ನ ಯೋಜನೆಯನ್ನು ಕೈಬಿಟ್ಟಿತು. 2023ರಲ್ಲಿ ಬಂದ ಅತಿ ವೇಗದ ಡೆಸ್ಕ್‌ಟಾಪ್ ಚಿಪ್ ಮುಟ್ಟಿದ್ದು 6 ಗಿಗಾಹರ್ಟ್ಸ್. ಸುಮಾರು ಎರಡು ದಶಕಗಳಲ್ಲಿ ಎರಡು ಪಟ್ಟೂ ಆಗಲಿಲ್ಲ. ಇದರ ಕಾರಣವನ್ನು ನೀವು ‘ತಾಂತ್ರಿಕ ತೊಡಕು’ ಎಂಬ ಎರಡು ಶಬ್ದಗಳಲ್ಲಿ ದಾಟಿಸಿದ್ದೀರಿ, ಅದು ಸಾಲದು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದಕ್ಕೆ ಬೇಕಾದ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಚಿಪ್‌ನ ಪ್ರತಿ ಚದರ ಮಿಲಿಮೀಟರಿನ ಬಿಸಿ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸುಮಾರು 2005ರ ಹೊತ್ತಿಗೆ ಆ ಲೆಕ್ಕ ಕೆಟ್ಟಿತು. ಆಫ್ ಮಾಡಿದ ಟ್ರಾನ್ಸಿಸ್ಟರಿನಲ್ಲೂ ಕರೆಂಟು ಸೋರತೊಡಗಿತು, ವೋಲ್ಟೇಜನ್ನು ಇನ್ನು ಇಳಿಸಲು ಬರದಂತಾಯಿತು, ವೇಗ ಹೆಚ್ಚಿಸಿದರೆ ತಣಿಸಲಾರದಷ್ಟು ಬಿಸಿ ಹುಟ್ಟಿತು. ಒಂದೇ ಚಿಪ್‌ನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಬಂದದ್ದು ಈ ಕಾರಣಕ್ಕೆ. ಇಷ್ಟನ್ನು ಹಾವೇರಿಯ ಪಿಯುಸಿ ವಿದ್ಯಾರ್ಥಿಗೆ ತಿಳಿಯುವಂತೆ ಬಿಡಿಸಿ ಬರೆದರೆ ಲೇಖನದ ಅರ್ಧ ಭಾರ ಇಳಿದಂತೆ.

ಸಂಖ್ಯೆಯ ಕಥೆ ಹಾಗಲ್ಲ, ಅದು ಮುಂದುವರಿದಿದೆ. 1971ರ ಇಂಟೆಲ್ 4004ರಲ್ಲಿ 2,300 ಟ್ರಾನ್ಸಿಸ್ಟರ್‌ಗಳಿದ್ದವು, 2020ರ ಆ್ಯಪಲ್ ಎಂ1ರಲ್ಲಿ 1,600 ಕೋಟಿ. ಆದರೆ ಇಲ್ಲಿ ನಿಮ್ಮಿಂದ ದೊಡ್ಡ ತಪ್ಪಾಗಿದೆ. ‘3 ನ್ಯಾನೋಮೀಟರ್ ಚಿಪ್’ ಎಂಬುದನ್ನು ಅಕ್ಷರಶಃ ಹಿಡಿದು, ಅಷ್ಟು ಜಾಗದಲ್ಲಿ ಇನ್ನು ಹತ್ತಾರು ಪರಮಾಣುಗಳಷ್ಟೇ ಉಳಿದಿವೆ, ಹೀಗಾಗಿ ಅಂತ್ಯ ಸಮೀಪಿಸಿದೆ ಎಂದು ವಾದಿಸಿದ್ದೀರಿ. ಆ 3 ಎಂಬುದು ತಯಾರಿಕೆಯ ತಲೆಮಾರಿಗೆ ಕಂಪನಿ ಇಟ್ಟ ಹೆಸರು ಮಾತ್ರ. ಚಿಪ್‌ನ ಯಾವ ಭಾಗದ ಅಳತೆಯೂ ಅದಲ್ಲ. ಆ ತಲೆಮಾರಿನಲ್ಲಿ ಟ್ರಾನ್ಸಿಸ್ಟರಿನ ಕರೆಂಟನ್ನು ನಿಯಂತ್ರಿಸುವ ‘ಗೇಟ್’ ಎಂಬ ಭಾಗವೊಂದರಿಂದ ಪಕ್ಕದ ಗೇಟಿಗೆ ಇರುವ ಅಂತರವೇ 40 ನ್ಯಾನೋಮೀಟರಿಗೂ ಹೆಚ್ಚು. ನಿಧಾನವಾಗಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕಿದ್ದರೆ ಬೇರೆಯದಿದೆ: ಚಿಪ್ ತಯಾರಿಸುವ ತೈವಾನಿನ ಟಿಎಸ್‌ಎಂಸಿ ಕಂಪನಿಯ 5 ನ್ಯಾನೋಮೀಟರ್ ತಲೆಮಾರಿನಲ್ಲಿ ಎಸ್‌ರ‍್ಯಾಮ್ ಎಂಬ ಸ್ಮರಣಕೋಶಕ್ಕೆ 0.021 ಚದರ ಮೈಕ್ರಾನ್ ಜಾಗ ಬೇಕಾಗಿತ್ತು, ಅದರ ಮುಂದಿನ 3 ನ್ಯಾನೋಮೀಟರ್ ತಲೆಮಾರಿನ ಎನ್3ಇ ಎಂಬ ಬಗೆಯಲ್ಲೂ ಅಷ್ಟೇ ಬೇಕಾಯಿತು. ಲೆಕ್ಕ ಮಾಡುವ ಭಾಗ ಕುಗ್ಗಿತು, ನೆನಪಿಡುವ ಭಾಗ ಕುಗ್ಗಲಿಲ್ಲ.

ಇನ್ನೊಂದು ತಿದ್ದುಪಡಿ. ನೀವು ಬರೆದಂತೆ ಮೂರ್ ಅವರು ‘18 ತಿಂಗಳಿಗೊಮ್ಮೆ’ ಎಂದು ಹೇಳಿರಲಿಲ್ಲ. 1965ರಲ್ಲಿ ಅವರು ಹೇಳಿದ್ದು ವರ್ಷಕ್ಕೊಮ್ಮೆ, 1975ರಲ್ಲಿ ತಾವೇ ತಿದ್ದಿ ಹೇಳಿದ್ದು ಎರಡು ವರ್ಷಕ್ಕೊಮ್ಮೆ. 18 ತಿಂಗಳ ಮಾತು ಇಂಟೆಲ್‌ನ ಡೇವಿಡ್ ಹೌಸ್ ಅವರದು, ಅದೂ ಕಾರ್ಯಕ್ಷಮತೆಯ ಬಗ್ಗೆ. 1965ರ ಆ ಬರಹದಲ್ಲಿ ಮೂರ್ ಲೆಕ್ಕ ಹಾಕಿದ್ದು ಒಂದೊಂದು ಬಿಡಿಭಾಗಕ್ಕೆ ಎಲ್ಲಕ್ಕಿಂತ ಕಡಿಮೆ ಖರ್ಚು ಬೀಳುವಂತೆ ಒಂದು ಚಿಪ್‌ನಲ್ಲಿ ಎಷ್ಟನ್ನು ಕೂಡಿಸಬಹುದು ಎಂಬುದನ್ನು. ಖರ್ಚನ್ನು ಬಿಟ್ಟು ಆ ಮುನ್ನೋಟವನ್ನು ಚರ್ಚಿಸಲು ಬರುವುದಿಲ್ಲ, ನೀವು ಖರ್ಚನ್ನು ಬೇರೆಯಾಗಿ ಬಿಡಿಸಿ ನೋಡಿಯೇ ಇಲ್ಲ. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯ ಯಂತ್ರದ ಬಗ್ಗೆ ಒಂದು ಪ್ಯಾರಾ ಬರೆಯಿರಿ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 50,000 ಕರಗಿದ ತವರದ ಹನಿಗಳನ್ನು ಉದುರಿಸಿ, ಪ್ರತಿ ಹನಿಗೂ ಲೇಸರ್ ಹೊಡೆದು, ಅದರಿಂದ ಹೊಮ್ಮುವ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಕನ್ನಡಿಗಳಿಂದ ತಿರುಗಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ನಕ್ಷೆ ಮೂಡಿಸುತ್ತಾರೆ. ಇಂಥ ಒಂದು ಯಂತ್ರದ ಬೆಲೆ ಹತ್ತು ಕೋಟಿ ಡಾಲರ್‌ಗಿಂತ ಬಹಳ ಮೇಲಿದೆ. ಭೌತವಿಜ್ಞಾನದ ಗೋಡೆಗಿಂತ ಮೊದಲು ಹಣದ ಗೋಡೆ ಎದುರಾಗಬಹುದು ಎಂಬುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನಿಸಿದರೆ ಕಾರಣ ಕೊಟ್ಟು ಹಾಗೆಯೇ ಬರೆಯಿರಿ.

ಆರಂಭದ ಚದುರಂಗದ ಮನೆ ಮತ್ತು ಅಕ್ಕಿಕಾಳಿನ ಕಥೆಯನ್ನು ತೆಗೆದುಹಾಕಿ, ಇಮ್ಮಡಿಯ ಲೆಕ್ಕ ಬಂದಲ್ಲೆಲ್ಲ ಅದು ಬಂದೇ ಬರುತ್ತದೆ. ಅದರ ಬದಲು, ನಾಲ್ಕನೆಯ ಪುಟದಲ್ಲಿ ಮೂರೇ ಸಾಲಿನಲ್ಲಿ ಮುಗಿಸಿರುವ ಹುಬ್ಬಳ್ಳಿಯ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯನ್ನು ಮುಂದಕ್ಕೆ ತನ್ನಿ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ವೇಗದ ಸಂಗ್ರಹ ಸಾಧನ) ಕೂಡಿಸಿ, ರ‍್ಯಾಮ್ ಏರಿಸಿದರೆ ಗಿರಾಕಿ ಸಮಾಧಾನದಿಂದ ಒಯ್ಯುತ್ತಾನೆ ಎಂದು ಅಂಗಡಿಯವರು ಹೇಳಿದ್ದನ್ನು ಬರೆದಿದ್ದೀರಿ. ತೊಂಬತ್ತರ ದಶಕದಲ್ಲಿ ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಓಡಿಸುವ ಮಾತೇ ಇರಲಿಲ್ಲ. ಒಂದು ಕೋರಿನ ವೇಗ ನಿಧಾನಗೊಂಡದ್ದು ಸಾಮಾನ್ಯರ ಕಣ್ಣಿಗೆ ಬೀಳುವುದು ಆ ಮೇಜಿನ ಮೇಲೆಯೇ. ಮತ್ತೊಮ್ಮೆ ಅಲ್ಲಿಗೆ ಹೋಗಿ, ಯಾವ ವರ್ಷದ ಯಂತ್ರಗಳು ಬರುತ್ತವೆ, ಯಾವುದನ್ನು ಅವರು ಗುಜರಿಗೆ ಹಾಕುತ್ತಾರೆ, ಯಾಕೆ ಎಂದು ಕೇಳಿ ಬರೆದುಕೊಳ್ಳಿ.

ತಿದ್ದಿದ ಪ್ರತಿಯನ್ನು ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲೋ ಧಾರವಾಡದ ಐಐಟಿಯಲ್ಲೋ ಎಲೆಕ್ಟ್ರಾನಿಕ್ಸ್ ಕಲಿಸುವ ಯಾರಿಗಾದರೂ ತೋರಿಸಿ, ಸೋರುವ ಕರೆಂಟಿನ ಭಾಗವನ್ನು ಮುಖ್ಯವಾಗಿ ಪರಿಶೀಲಿಸಿಕೊಳ್ಳಿ. ಅದು ಸರಿಬಂದ ಮೇಲೆ ನನಗೆ ಕಳಿಸಿ. ಆರು ಪುಟಗಳವರೆಗೆ ಜಾಗ ಕೊಡುತ್ತೇನೆ.

ಇತಿ,
ಸಂಪಾದಕ