ಅಮ್ಮನನ್ನು ಕಳೆದುಕೊಂಡ ಮೇಲೆ ಸತ್ಯವೇದವನ್ನು ಎಲ್ಲಿಂದ ಓದಬೇಕು?

ಅಮ್ಮ ತೀರಿಕೊಂಡು ಐದು ತಿಂಗಳಾಯಿತು, ಸತ್ಯವೇದ ತೆರೆದರೆ ಒಂದು ಮಾತೂ ಮನಸ್ಸಿಗೆ ಇಳಿಯುತ್ತಿಲ್ಲ, ಸಭೆಯವರು ಕಳುಹಿಸುವ ವಚನಗಳನ್ನು ನೋಡಿದರೆ ಸಿಟ್ಟೇ ಬರುತ್ತದೆ, ಇದು ನಂಬಿಕೆಯ ಕೊರತೆಯೇ ಎಂದು ಕೇಳಿದ್ದೀರಿ. ಅವರ ಸೀರೆಗಳಿರುವ ಬೀರುವನ್ನು ಇನ್ನೂ ತೆರೆಯಲಾಗಿಲ್ಲ ಎಂದಿದ್ದೀರಿ. ಮುಂದಿನ ತಿಂಗಳ ಸ್ಮರಣೆಯ ಕೂಟದಲ್ಲಿ ಯಾವ ಭಾಗ ಓದಿಸಬಹುದು ಎಂದೂ ಕೇಳಿದ್ದೀರಿ.

ನಂಬಿಕೆಯ ಕೊರತೆಯಲ್ಲ. ಮಿಕ್ಕಿದ್ದನ್ನೆಲ್ಲ ಆಮೇಲೆ ಓದಿಕೊಳ್ಳಿ, ಇದನ್ನು ಮಾತ್ರ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಸಭಾಪಾಲಕನಲ್ಲ, ದೇವಶಾಸ್ತ್ರ ಕಲಿತವನೂ ಅಲ್ಲ. ಒಬ್ಬನೇ ತಮ್ಮನನ್ನು ಮಣ್ಣಿಗೆ ಕೊಟ್ಟು, ಅದೇ ಪುಸ್ತಕದ ಮುಂದೆ ನಿಮ್ಮ ಹಾಗೆಯೇ ಕುಳಿತಿದ್ದವನು. ನನಗೆ ದಾರಿ ಸಿಕ್ಕಿದ್ದು ಬಿಡಿ ವಚನಗಳನ್ನು ಹುಡುಕುವುದನ್ನು ಬಿಟ್ಟು ಇಡೀ ಅಧ್ಯಾಯಗಳನ್ನು ಓದತೊಡಗಿದಾಗ. ನಿಮಗೆ ಹೇಳಬೇಕೆಂದಿರುವುದೂ ಇದೇ.

ನಮ್ಮ ಸಭೆಗಳಲ್ಲಿ ವಚನವನ್ನು ಒಂಟಿಯಾಗಿ ಕೈಗೆತ್ತಿಕೊಳ್ಳುವ ರೂಢಿ ಬಹಳ. ಹೊಸ ವರ್ಷದ ರಾತ್ರಿ ವಾಗ್ದಾನದ ಚೀಟಿ ತೆಗೆಯುತ್ತೇವೆ, ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ವಚನವಿರುತ್ತದೆ, ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಇನ್ನೊಂದು ಬರುತ್ತದೆ. ಕಳುಹಿಸುವವರನ್ನು ನಾನು ದೂರುವುದಿಲ್ಲ. ಏನು ಹೇಳಬೇಕೆಂದು ತೋಚದೆ, ಆದರೂ ಸುಮ್ಮನಿರಲಾರದೆ ಪ್ರೀತಿಯಿಂದಲೇ ಕಳುಹಿಸುತ್ತಾರೆ. ಆದರೆ ತನ್ನ ಅಕ್ಕಪಕ್ಕದ ಮಾತುಗಳಿಂದ ಕಿತ್ತು ತೆಗೆದ ವಚನ ದುಃಖದಲ್ಲಿರುವವರಿಗೆ ಆಜ್ಞೆಯಂತೆ ಕೇಳಿಸುತ್ತದೆ: ಅಳಬೇಡ, ಪ್ರಶ್ನಿಸಬೇಡ, ಬೇಗ ಸುಧಾರಿಸಿಕೊ. ಅದೇ ವಚನವನ್ನು ಅದು ಹುಟ್ಟಿದ ಜಾಗದಲ್ಲಿ ಓದಿದರೆ ಹಾಗೆ ಕೇಳಿಸುವುದಿಲ್ಲ.

ಕರ್ತನ ಕರುಣೆ ಮುಗಿದುಹೋಗದು, ದಿನದಿನವೂ ಬೆಳಗಿನಲ್ಲಿ ಅದು ಹೊಸದು ಎಂಬ ಮಾತನ್ನು ನಿಮಗೂ ಯಾರಾದರೂ ಕಳುಹಿಸಿಯೇ ಇರುತ್ತಾರೆ. ಅದು ಪ್ರಲಾಪಗಳ ಪುಸ್ತಕದ ಮೂರನೆಯ ಅಧ್ಯಾಯದ್ದು. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನೂ ಅದರ ದೇವಾಲಯವನ್ನೂ ಸುಟ್ಟುಹಾಕಿದ ಮೇಲೆ ಹುಟ್ಟಿದ ಐದು ಶೋಕಗೀತೆಗಳ ಪುಟ್ಟ ಪುಸ್ತಕ ಅದು. ಆ ಮಾತು ಬರುವುದಕ್ಕೆ ಮೊದಲು ಕವಿ ಏನೆಲ್ಲ ಹೇಳುತ್ತಾನೆ ನೋಡಿ. ದೇವರು ನನ್ನ ಸುತ್ತ ಗೋಡೆ ಕಟ್ಟಿದ್ದಾನೆ, ಕರಡಿಯ ಹಾಗೆ ಹೊಂಚುಹಾಕಿದ್ದಾನೆ, ಕಲ್ಲಿನ ಹರಳು ಕಡಿಸಿ ಹಲ್ಲು ಮುರಿದಿದ್ದಾನೆ ಎನ್ನುತ್ತಾನೆ. ಇದಾದ ಮೇಲೆಯೇ ಕರುಣೆಯ ಮಾತು. ಅಲ್ಲಿಗೂ ನಿಲ್ಲುವುದಿಲ್ಲ. ಇನ್ನೂ ಇಪ್ಪತ್ತು ವಚನ ಮುಂದೆ ಹೋದರೆ, ನಮ್ಮ ಪ್ರಾರ್ಥನೆ ತೂರಿ ಬರದಂತೆ ನೀನು ಮೋಡವನ್ನು ಮರೆಮಾಡಿಕೊಂಡಿದ್ದೀಯೆ ಎಂದು ಮತ್ತೆ ಮೊರೆಯಿಡುತ್ತಾನೆ. ಭರವಸೆ ಇರುವುದು ನಡುವಿನಲ್ಲಿ. ಅದರ ಹಿಂದೆಯೂ ಅಳು, ಮುಂದೆಯೂ ಅಳು. ನಾಲ್ಕು ದಿನ ಚೇತರಿಸಿಕೊಂಡು ಐದನೆಯ ದಿನ ಮತ್ತೆ ಕುಸಿಯುವ ನಮ್ಮಂಥವರ ದುಃಖದ ನಡೆಯೂ ಹೀಗೆಯೇ ಅಲ್ಲವೇ? ಇದನ್ನು ಪೂರ್ತಿ ಓದಿದಾಗ ನನಗೆ ಹೊಸ ಧೈರ್ಯವೇನೂ ಬರಲಿಲ್ಲ. ನನ್ನ ಕುಸಿತ ಪಾಪವಲ್ಲ ಎಂಬುದು ಮಾತ್ರ ಗಟ್ಟಿಯಾಯಿತು. ಆಗ ನನಗೆ ಬೇಕಿದ್ದದ್ದೂ ಅಷ್ಟೇ.

ಈ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳಿವೆ. ಐದನೆಯದರಲ್ಲಿ ವಚನಗಳೇನೋ 22 ಇವೆ, ಆದರೆ ಅಕ್ಷರಗಳ ಕ್ರಮ ಕೈಬಿಟ್ಟಿದೆ. ಕೊನೆಯ ಮಾತು, ನಮ್ಮನ್ನು ನಿಜವಾಗಿಯೂ ತಳ್ಳಿಬಿಟ್ಟೆಯಾ ಎಂಬ ಸಂಕಟ. ದೇವಾಲಯದ ನಾಶವನ್ನು ನೆನೆಯುವ ಉಪವಾಸದ ದಿನ ಯೆಹೂದ್ಯರು ನೆಲದ ಮೇಲೆ ಕುಳಿತು ಇದನ್ನು ಓದುತ್ತಾರೆ. ಆ ಸಂಕಟದಲ್ಲಿ ಓದು ಮುಗಿಯಬಾರದೆಂದು ಅದರ ಹಿಂದಿನ ವಚನವನ್ನು, ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೊ ಎಂಬ ಬಿನ್ನಹವನ್ನು, ಮತ್ತೊಮ್ಮೆ ಹೇಳುತ್ತಾರೆ. ಬರೆದದ್ದನ್ನು ತಿದ್ದದೆ, ಅಳಿಸದೆ, ಕೂಗಿಕೊಳ್ಳುವವರ ಜೊತೆ ನಿಂತುಕೊಳ್ಳುವ ಈ ಕ್ರಮ ನನಗೆ ಬಹಳ ಇಷ್ಟ.

ಸಾವಿನ ಮನೆಯಲ್ಲಿ ತಪ್ಪದೆ ಕೇಳಿಬರುವ ಇನ್ನೊಂದು ಮಾತು, ಒಂದೇ ದಿನ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡ ಯೋಬನದು: ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು. ತಮ್ಮನ ದೇಹ ಇನ್ನೂ ಮನೆಯಲ್ಲಿದ್ದಾಗ ಹಿರಿಯರೊಬ್ಬರು ನನ್ನ ಭುಜ ಹಿಡಿದು ಇದನ್ನೇ ಹೇಳಿದರು. ಯೋಬನು ಹಾಗೆ ಹೇಳಿದ್ದು ನಿಜ, ಆದರೆ ಅದು ಮೊದಲನೆಯ ಅಧ್ಯಾಯ. ಮೂರನೆಯ ಅಧ್ಯಾಯದಲ್ಲಿ ಅವನೇ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಆಮೇಲೆ ಅಧ್ಯಾಯಗಟ್ಟಲೆ ದೇವರೊಂದಿಗೆ ವಾದಕ್ಕೆ ನಿಲ್ಲುತ್ತಾನೆ. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತದ್ದು ದೊಡ್ಡ ಉಪಕಾರವೇ. ಕೆಟ್ಟದ್ದು ಬಾಯಿ ತೆರೆದ ಮೇಲೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಶಪಿಸಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ: ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ. ನಿಮ್ಮ ಸಿಟ್ಟಿನ ಬಗ್ಗೆ ಕೇಳಿದ್ದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಅದೇ ಕೊನೆಯ ಅಧ್ಯಾಯದಲ್ಲಿ ಅನೇಕರು ಗಮನಿಸದ ಒಂದು ಸಂಗತಿಯಿದೆ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000 ಆಯಿತು; ಆಸ್ತಿಯೆಲ್ಲ ಎರಡರಷ್ಟು. ಮಕ್ಕಳು ಮಾತ್ರ ಮೊದಲಿನಂತೆ ಹತ್ತೇ, ಏಳು ಗಂಡು, ಮೂರು ಹೆಣ್ಣು. ಹೋದ ಹತ್ತು ಮಕ್ಕಳ ಲೆಕ್ಕ ಅಲ್ಲಿಗೆ ತೀರಿತು ಎಂದು ಆ ಪುಸ್ತಕ ಎಲ್ಲೂ ಹೇಳುವುದಿಲ್ಲ. ದೇವರೇ ಬಿರುಗಾಳಿಯೊಳಗಿಂದ ಮಾತನಾಡಿದ ಮೇಲೂ ಅಣ್ಣತಮ್ಮಂದಿರು, ಅಕ್ಕತಂಗಿಯರು, ಪರಿಚಯದವರು ಯೋಬನ ಮನೆಗೆ ಬಂದು, ಅವನ ಜೊತೆ ಊಟ ಮಾಡಿ, ಅವನನ್ನು ಸಂತೈಸಿದರು ಎಂದಿದೆ. ದೇವರ ದರ್ಶನವಾದವನಿಗೂ ಜೊತೆಗೆ ಕುಳಿತು ಉಣ್ಣುವವರು ಬೇಕಾದರು. ನೀವು ಒಬ್ಬರೇ ಉಣ್ಣುತ್ತಿದ್ದರೆ ದಯವಿಟ್ಟು ಯಾರನ್ನಾದರೂ ಮನೆಗೆ ಕರೆಯಿರಿ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ. ಒಂದನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯ ಪ್ರವಾದಿ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವದೂತನು ಅವನಿಗೆ ಬೋಧನೆ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಡುತ್ತಾನೆ, ಮಲಗಲು ಬಿಡುತ್ತಾನೆ, ಮತ್ತೆ ಎಬ್ಬಿಸಿ ಉಣಿಸುತ್ತಾನೆ. ದೇವರ ಪ್ರಶ್ನೆ ಆಮೇಲೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ವೈದ್ಯರ ಬಳಿಗೆ ಹೋಗಿ. ಅದು ಅಪನಂಬಿಕೆಯಲ್ಲ, ಆ ರೊಟ್ಟಿಯೂ ದೇವರೇ ಕಳುಹಿಸಿದ್ದು.

ರಾತ್ರಿ ನಿದ್ದೆ ಬಾರದ ಹೊತ್ತಿಗೆ ಸತ್ಯವೇದದ ಹಾಡುಗಳಾದ ಕೀರ್ತನೆಗಳು. ಅವುಗಳ ಸುಮಾರು ಮೂರನೆಯ ಒಂದು ಪಾಲು ದುಃಖದ ಮೊರೆಗಳೇ. 13ನೆಯದು ಆರೇ ವಚನ, ಅದರಲ್ಲಿ ಎಷ್ಟರ ವರೆಗೆ, ಎಷ್ಟರ ವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದರಲ್ಲಿ ಸಮಾಧಾನದ ತಿರುವೇ ಇಲ್ಲ, ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ಇದನ್ನು ಓದಿದರೆ ಮನಸ್ಸು ಇನ್ನೂ ಕುಗ್ಗುತ್ತದೆ ಎಂದು ಕೆಲವರು ಎಚ್ಚರಿಸುತ್ತಾರೆ. ನನ್ನ ಅನುಭವ ಬೇರೆ. ತಲೆತಲಾಂತರದಿಂದ ಜನ ಇಂಥದ್ದನ್ನೂ ಪ್ರಾರ್ಥನೆ ಎಂದೇ ಹಾಡಿಕೊಂಡು ಬಂದಿದ್ದಾರೆ ಎಂದಾದರೆ ನನ್ನ ಬಾಯಿಂದ ಬಂದದ್ದೂ ಪ್ರಾರ್ಥನೆಯೇ ಎಂದು ಒಪ್ಪಿಕೊಂಡೆ. ಓದುವಾಗ ಗಟ್ಟಿಯಾಗಿ ಓದಿ. ಆಗದಿದ್ದರೆ ಮೊಬೈಲಿನಲ್ಲಿ ಕನ್ನಡ ಸತ್ಯವೇದದ ಓದು ಕೇಳಲು ಸಿಗುತ್ತದೆ, ಬೇರೆಯವರ ದನಿ ಓದಲಿ. ಅದೂ ಆಗದ ದಿನ ಬಿಟ್ಟುಬಿಡಿ. ನಮಗೆ ಪ್ರಾರ್ಥಿಸಲು ತಿಳಿಯದಿದ್ದಾಗ ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ಪೌಲನು ರೋಮಾಪುರದವರಿಗೆ ಬರೆದದ್ದು ಅಂಥ ದಿನಗಳಿಗಾಗಿಯೇ ಎಂದು ನಾನು ನಂಬಿದ್ದೇನೆ.

ಆ ಬೀರುವಿನ ಬಗ್ಗೆ. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ಯೊಪ್ಪ ಎಂಬ ಊರಿನ ದೊರ್ಕಳ ಕಥೆಯಿದೆ. ಅವಳು ಸತ್ತಾಗ ಊರಿನ ವಿಧವೆಯರು ಯೇಸುವಿನ ಶಿಷ್ಯನಾದ ಪೇತ್ರನ ಸುತ್ತ ನಿಂತು ಅಳುತ್ತಾ, ಅವಳು ತಮ್ಮ ಜೊತೆಯಲ್ಲಿದ್ದಾಗ ಮಾಡಿಕೊಟ್ಟ ಬಟ್ಟೆಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಅಳಬೇಡಿ, ಬಟ್ಟೆಯಲ್ಲೇನಿದೆ ಎಂದು ಪೇತ್ರನು ಹೇಳುವುದಿಲ್ಲ. ಸತ್ತವರ ಬಟ್ಟೆಯನ್ನು ಕೈಯಲ್ಲಿ ಹಿಡಿದು ಅಳುವುದಕ್ಕೂ ಪವಿತ್ರ ಗ್ರಂಥದಲ್ಲಿ ಜಾಗವಿದೆ. ಬೀರು ತೆರೆಯುವ ದಿನ ಒಬ್ಬರೇ ಇರಬೇಡಿ. ಅಮ್ಮನನ್ನು ಬಲ್ಲವರೊಬ್ಬರು ಜೊತೆಗಿರಲಿ, ಯಾವ ಸೀರೆ ಯಾವಾಗ ಉಟ್ಟದ್ದು ಎಂದು ಅವರಿಗೆ ಹೇಳುತ್ತಾ ತೆಗೆಯಿರಿ. ಅವಸರವಂತೂ ಬೇಡ.

ಪೇತ್ರನು ಪ್ರಾರ್ಥಿಸಿದ ಮೇಲೆ ದೊರ್ಕ ಮತ್ತೆ ಎದ್ದಳು, ನನ್ನ ಅಮ್ಮ ಏಳಲಿಲ್ಲವಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ತಮ್ಮನೂ ಏಳಲಿಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ತೀರಿಕೊಂಡ ಲಾಜರನ ಅಕ್ಕತಂಗಿಯರಾದ ಮಾರ್ಥ, ಮರಿಯ ಇಬ್ಬರೂ ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ನನ್ನ ದೂರೂ ಅಕ್ಷರಶಃ ಅದೇ ಆಗಿತ್ತು. ಯೇಸು ಅವರನ್ನು ಗದರಿಸುವುದಿಲ್ಲ. ಮಾರ್ಥಳಿಗೆ ಪುನರುತ್ಥಾನದ ಮಾತು ಹೇಳುತ್ತಾನೆ, ಮರಿಯಳ ಮುಂದೆ ಕಣ್ಣೀರು ಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ತಿಳಿದಿದ್ದೂ ಅಳುತ್ತಾನೆ. ಹಾಗಾದರೆ ಪುನರುತ್ಥಾನವನ್ನು ನಂಬುವವರು ಅಳಬಾರದು ಎನ್ನುವುದಕ್ಕೆ ಯಾರಿಗೆ ಅಧಿಕಾರವಿದೆ? ಪೌಲನು ಥೆಸಲೋನಿಕದವರಿಗೆ ಬರೆದದ್ದೂ ದುಃಖಿಸಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ತಮ್ಮನನ್ನು ಮತ್ತೆ ನೋಡುತ್ತೇನೆ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಹಾಗೆ ನಂಬುತ್ತಲೇ ಅವನಿಗಾಗಿ ಇಂದಿಗೂ ಅಳುತ್ತೇನೆ.

ಸ್ಮರಣೆಯ ಕೂಟಕ್ಕೂ ಇದೇ ಅಧ್ಯಾಯವನ್ನು ಸೂಚಿಸುತ್ತೇನೆ, 17ರಿಂದ 44ರ ವರೆಗೆ. ಸಮಯವಿಲ್ಲವೆಂದು 25ನೆಯ ವಚನವನ್ನಷ್ಟೇ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂಬುದನ್ನಷ್ಟೇ, ಓದಿ ಮುಗಿಸಲು ಬಿಡಬೇಡಿ. ಇಬ್ಬರು ಹೆಣ್ಣುಮಕ್ಕಳ ದೂರು, ಯೇಸುವಿನ ಕಣ್ಣೀರು ಎಲ್ಲವೂ ಕೂಟದಲ್ಲಿ ಕೇಳಿಸಲಿ. ಸಭಾಪಾಲಕರು ಅದೇ ಸುವಾರ್ತೆಯ 14ನೆಯ ಅಧ್ಯಾಯವನ್ನು, ಹೃದಯ ಕಳವಳಗೊಳ್ಳದಿರಲಿ ಎಂಬ ಭಾಗವನ್ನು, ಆರಿಸಿದ್ದರೆ ಅದೂ ಒಳ್ಳೆಯದೇ. ಆಗ ಓದನ್ನು 13ನೆಯ ಅಧ್ಯಾಯದ 21ನೆಯ ವಚನದಿಂದ ಆರಂಭಿಸಲು ಕೇಳಿಕೊಳ್ಳಿ. ಆ ಮಾತು ಹೇಳುವ ಮೊದಲು ಯೇಸು ತಾನೇ ಎಷ್ಟು ನೊಂದುಕೊಂಡಿದ್ದನು ಎಂಬುದು ಅಲ್ಲಿದೆ. ಓದುವ ಕೆಲಸವನ್ನು ಅಮ್ಮನನ್ನು ಹತ್ತಿರದಿಂದ ಬಲ್ಲವರಿಗೆ ಒಪ್ಪಿಸಿ, ಅವರಿಗೆ ಭಾಗವನ್ನು ಎರಡು ದಿನ ಮೊದಲೇ ತಿಳಿಸಿ. ನಡುವೆ ಅವರ ದನಿ ಕಟ್ಟಿದರೆ ಮುಂದುವರಿಸಲು ಇನ್ನೊಬ್ಬರು ಪಕ್ಕದಲ್ಲಿ ಸಿದ್ಧವಾಗಿರಲಿ.