ಕಾಲು ಸಿಕ್ಕಿಯೂ ರೈಡರ್ ತಪ್ಪಿಸಿಕೊಂಡರೆ ತಪ್ಪು ಕಾರ್ನರ್‌ನದೇ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಕಬಡ್ಡಿ ತಂಡ. ನಾನು ಕ್ಯಾಪ್ಟನ್. ನಮ್ಮ ರೈಟ್ ಕಾರ್ನರ್‌ಗೆ, ಅಂದರೆ ಬಲ ಮೂಲೆಯಲ್ಲಿ ನಿಂತು ದಾಳಿಗೆ ಬಂದ ರೈಡರ್‌ನ ಕಾಲು ಹಿಡಿಯುವವರಿಗೆ, ಈಗ 34 ವರ್ಷ, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. 11 ವರ್ಷದಿಂದ ಆ ಜಾಗ ಅವರದ್ದೇ. ಈ ಸಲ ಮಾತ್ರ ಏನೂ ಕೈಗೂಡುತ್ತಿಲ್ಲ. ಕಳೆದ 5 ಪಂದ್ಯಗಳಲ್ಲಿ 18 ಸಲ ಕ್ಯಾಚಿಂಗ್‌ಗೆ ಹೋಗಿ 5 ಸಲ ಮಾತ್ರ ಹಿಡಿದರು. 7 ಸಲ ಕಾಲು ಕೈಗೆ ಸಿಕ್ಕಿಯೂ ರೈಡರ್ ಎಳೆದುಕೊಂಡು ಹೋಗಿ ನಡುಗೆರೆ ಮುಟ್ಟಿದ. ಅವರ ಪಕ್ಕ ನಿಂತು ನೆರವಿಗೆ ಬರುವ ಕವರ್ ಆಗಿ ಆಡುತ್ತಿದ್ದವರು ಹೋದ ವರ್ಷ ಗಲ್ಫಿಗೆ ಹೋದರು, ಈಗ ಅಲ್ಲಿ ಚೆರುವತ್ತೂರು ಕಡೆಯ ಹೊಸ ಹುಡುಗ. ಕಾರ್ನರ್ ಆಡಲು 19 ವರ್ಷದ ಇನ್ನೊಬ್ಬ ತಯಾರಾಗಿ ಹೊರಗೆ ಕೂತಿದ್ದಾನೆ. ಮುಂದಿನ ತಿಂಗಳು ಮ್ಯಾಟ್ ಮೇಲೆ ಹೊನಲು ಬೆಳಕಿನ ಪಂದ್ಯಾಟ ಇದೆ. ಅಣ್ಣನನ್ನು ಕೂರಿಸಬೇಕು ಅಂತ ಅರ್ಧ ಜನ, ಬೇಡ ಅಂತ ಅರ್ಧ ಜನ. ನಾನು ಏನು ಮಾಡಲಿ?
– ಹೆಸರು ಬೇಡ, ಬದಿಯಡ್ಕ

ಉತ್ತರ: ಈಗಲೇ ಕೂರಿಸಬೇಡಿ. ಅವರು ಹಿರಿಯರು, 11 ವರ್ಷ ತಂಡಕ್ಕೆ ದುಡಿದವರು ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ. ನೀವೇ ಬರೆದು ಕಳಿಸಿದ ಲೆಕ್ಕ ನೋಡಿ ಹೇಳುತ್ತಿದ್ದೇನೆ.

18ಕ್ಕೆ 5 ಅಂದರೆ ಕಡಿಮೆಯೇ, ಅದರಲ್ಲಿ ಎರಡು ಮಾತಿಲ್ಲ. ಎರಡು ಸಲ ಹೋಗಿ ಒಂದು ಸಲ ಹಿಡಿದು ತಂದರೆ ಒಳ್ಳೆಯ ಕಾರ್ನರ್ ಅನ್ನಬಹುದು. ಆದರೆ ತಪ್ಪಿದ 13ರಲ್ಲಿ 7 ಸಲ ಕಾಲು ಸಿಕ್ಕಿತ್ತು ಅಲ್ವಾ? ಕಾಲು ಸಿಕ್ಕಿತು ಅಂದರೆ ಕಾರ್ನರ್ ತನ್ನ ಕೆಲಸದ ಕಷ್ಟದ ಭಾಗ ಮುಗಿಸಿದ ಹಾಗೆ. ರೈಡರ್ ಬೋನಸ್ ಅಂಕಕ್ಕೆ ಹಿಂದಿನ ಬೋನಸ್ ಗೆರೆಯಾಚೆ ಕಾಲು ಚಾಚಿದ್ದು ಕಂಡಿತು, ಹಾರುವ ಹೊತ್ತು ತಪ್ಪಲಿಲ್ಲ, ಆ್ಯಂಕಲ್ ಕೈಯಲ್ಲಿದೆ. ಅಲ್ಲಿಂದ ಮುಂದೆ ಕವರ್ ಬರಬೇಕು. ರೈಡರ್‌ನ ಎದೆಗೆ ಅಡ್ಡ ಬಂದು ದಾರಿ ಮುಚ್ಚಬೇಕು. ಪುರುಷರ ಅಂಕಣದಲ್ಲಿ ಬೋನಸ್ ಗೆರೆಯಿಂದ ನಡುಗೆರೆಗೆ ಇರುವುದು 4.75 ಮೀಟರ್ ಮಾತ್ರ. ಎತ್ತರದ ರೈಡರ್ ಒಂದು ಹೆಜ್ಜೆ ಎಳೆದುಕೊಂಡು ಮುಂದಕ್ಕೆ ಬಿದ್ದು ಕೈ ಚಾಚಿದರೆ ಅದರ ಬಹುಪಾಲು ಮುಗಿದೇ ಹೋಯಿತು. ಕವರ್ ಅರ್ಧ ಕ್ಷಣ ಯೋಚಿಸಿದರೂ ಆಗ ತಡವೇ.

ಇಲ್ಲಿ ಒಂದು ಅನ್ಯಾಯ ಇದೆ, ನನಗೆ ಯಾವಾಗಲೂ ಹೊಟ್ಟೆ ಉರಿಸುವಂಥದ್ದು. ರೈಡರ್ ತಪ್ಪಿಸಿಕೊಂಡರೆ ಅವನನ್ನು ಮುಟ್ಟಿದವರೆಲ್ಲ ಔಟ್. ಹಾಗಾಗಿ ಹಾರಿ ಕಾಲು ಹಿಡಿದವನ ಹೆಸರಿನ ಮುಂದೆ ತಪ್ಪು ಬೀಳುತ್ತದೆ, ಕದಲದೆ ನಿಂತವನ ಹೆಸರಿನ ಮುಂದೆ ಏನೂ ಬೀಳುವುದಿಲ್ಲ. ಹೊಸ ಹುಡುಗನಿಗೂ ಅದೇ ಹೆದರಿಕೆ ಇರಬಹುದು, ತಡವಾಗಿ ಹೋಗಿ ಮುಟ್ಟಿದರೆ ತಾನೂ ಹೊರಗೆ ಕೂರಬೇಕಲ್ಲ ಅಂತ. ಅವನನ್ನು ಬೈಯುವುದು ಬೇಡ. ಅಣ್ಣನ ಪಕ್ಕ ಹಳೆಯ ಕವರ್ ಎಷ್ಟು ವರ್ಷ ನಿಂತಿದ್ದರು ಅಂತ ನೀವು ಬರೆದಿಲ್ಲ, ಆದರೆ ಅಂಥ ಜೋಡಿಗೆ ಕಣ್ಣಿನಲ್ಲೇ ಮಾತು ಮುಗಿದಿರುತ್ತದೆ. ಒಬ್ಬನ ಭುಜ ಸ್ವಲ್ಪ ಬಗ್ಗಿದರೆ ಇನ್ನೊಬ್ಬನ ಕಾಲು ಎದ್ದಿರುತ್ತದೆ. ಅದನ್ನು ನಾಲ್ಕು ಪಂದ್ಯದಲ್ಲಿ ಕಲಿಸಲು ಆಗುವುದಿಲ್ಲ.

ಇನ್ನೊಂದು ಮಾತು, ನಮ್ಮ ಕಾಸರಗೋಡಿಗೇ ಸಂಬಂಧಪಟ್ಟದ್ದು. ನಿಮ್ಮ ಅಣ್ಣ ಅಂಕಣದಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಾರೆ? ನಮ್ಮ ಕಡೆಯ ತಂಡಗಳಲ್ಲಿ ಬಿಸಿ ಏರಿದಾಗ ಬಾಯಿಗೆ ಬರುವುದು ಜಾಸ್ತಿ ತುಳುವೇ. ಅವರು "ಪತ್ತ್" ಅಂದಾಗ ಚೆರುವತ್ತೂರಿನ ಮಲಯಾಳಂ ಹುಡುಗನಿಗೆ ಅರ್ಥ ಆಗುವುದಿಲ್ಲ ಅಂತಲ್ಲ, ಆಗುತ್ತದೆ. ಆದರೆ ಅರ್ಥ ಆಗುವುದು ಬೇರೆ, ಕೇಳಿದ ಕೂಡಲೇ ಮೈ ಓಡುವುದು ಬೇರೆ. ಮನೆಯ ಭಾಷೆಯಲ್ಲಿ "ಪಿಡಿ" ಅಂತ ಕೇಳಿದರೆ ಓಡುವ ಮೈ ಇನ್ನೊಂದು ಭಾಷೆಯಲ್ಲಿ ಕೇಳಿದರೆ ಒಂದು ಚೂರು ತಡೆಯುತ್ತದೆ. ಇಬ್ಬರನ್ನೂ ಕೂರಿಸಿ ಒಂದೇ ಒಂದು ಕೂಗು ಗೊತ್ತುಮಾಡಿ. ಯಾವ ಭಾಷೆಯದ್ದಾದರೂ ಸರಿ, ಎರಡು ಅಕ್ಷರ ಸಾಕು. ಇದು ಸಣ್ಣ ವಿಷಯ ಅಂತ ಬಿಡಬೇಡಿ.

ಜೋಡಿಯ ಬೆಲೆ ದೊಡ್ಡ ತಂಡಗಳಿಗೂ ಗೊತ್ತು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ಯು ಮುಂಬಾದಲ್ಲಿ ಸುರೇಂದರ್ ನಾಡಾ ಲೆಫ್ಟ್ ಕಾರ್ನರ್, ಮೋಹಿತ್ ಛಿಲ್ಲರ್ ರೈಟ್ ಕಾರ್ನರ್. 2015ರಲ್ಲಿ ತಂಡ ಕಪ್ ಗೆದ್ದಿತು. ಆಮೇಲೆ ಬೆಂಗಳೂರು ಬುಲ್ಸ್‌ಗೆ ಬಂದಾಗಲೂ ಇಬ್ಬರೂ ಒಟ್ಟಿಗೇ ಬಂದರು.

ಈಗ ಉಳಿದ 6 ತಪ್ಪುಗಳಿಗೆ ಬರೋಣ. ಅಲ್ಲಿ ಕಾಲು ಸಿಕ್ಕಲೇ ಇಲ್ಲ. ಬಹುಶಃ ರೈಡರ್ ಇನ್ನೂ ಆಳಕ್ಕೆ ಬರುವ ಮೊದಲೇ ಇವರು ನುಗ್ಗಿದ್ದಾರೆ. ಹೀಗೆ ಅವಸರ ಬೀಳುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಪಕ್ಕದವನು ಬರುತ್ತಾನೆ ಅನ್ನುವ ನಂಬಿಕೆ ಹೋಗಿದೆ, ಎಲ್ಲ ತಾನೇ ಮಾಡಬೇಕು ಅಂತ ಹೊರಟಿದ್ದಾರೆ. ಇನ್ನೊಂದು, ಮಂಡಿ. ಇದನ್ನು ಮಾತ್ರ ದಯವಿಟ್ಟು ಬಾಯಿಬಿಟ್ಟು ಕೇಳಿ. ಕೊಯ್ಲು ಮುಗಿದ ಗದ್ದೆಯಲ್ಲಿ, ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದವರು ಅವರು. ಮಣ್ಣಿನಲ್ಲಿ ಪಾದ ಜಾರುತ್ತದೆ, ತಿರುಗುವಾಗ ಭಾರವೂ ಅದರ ಜೊತೆ ಜಾರುತ್ತದೆ. ಮ್ಯಾಟ್ ಮೇಲೆ ಶೂ ಹಾಕಿದರೆ ಪಾದ ಅಂಟಿಕೊಳ್ಳುತ್ತದೆ, ಮೈ ತಿರುಗಿದಾಗ ಆ ತಿರುಚು ಮಂಡಿಗೆ ಹೋಗುತ್ತದೆ. ನೋವಿದ್ದವರು ಹೇಳುವುದಿಲ್ಲ, ಹೇಳಿದರೆ ಜಾಗ ಹೋಗುತ್ತದೆ ಅಂತ. ಮಂಡಿ ಊದಿದ್ದರೆ ನನ್ನ ಮೇಲಿನ ಮಾತೆಲ್ಲ ಬಿಡಿ, ಮೊದಲು ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಆಡಿಸಬೇಡಿ.

ಮಂಡಿ ಸರಿ ಇದ್ದರೆ ಎರಡು ವಾರ ಕೊಡಿ. ದಿನಾ ಸಂಜೆ ನಿಮ್ಮ ಗಟ್ಟಿ ರೈಡರ್‌ನನ್ನು ಆ ಕಾರ್ನರ್ ಮೇಲೆ ಬಿಡಿ. ಒಂದು ದಿನ ಅಣ್ಣ ಮತ್ತು ಹೊಸ ಕವರ್, ಮರುದಿನ ಅಣ್ಣ ಮತ್ತು ಬೇರೆ ಕವರ್, ಮೂರನೇ ದಿನ 19ರ ಹುಡುಗ ಮತ್ತು ಅದೇ ಹೊಸ ಕವರ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕಾರ್ನರ್ ಹಾರಿದ ಗಳಿಗೆಯಲ್ಲಿ ಕವರ್‌ನ ಕಾಲು ಎಲ್ಲಿದೆ ಅಂತ ನಿಲ್ಲಿಸಿ ನೋಡಿ. ಕವರ್ ಬದಲಾಯಿಸಿದರೆ ಅಣ್ಣ ಹಿಡಿಯುತ್ತಾರೆ ಅಂತಾದರೆ ಉತ್ತರ ಸಿಕ್ಕಿತು. ಯಾರು ಪಕ್ಕ ನಿಂತರೂ ಕಾಲು ಸಿಗುತ್ತಿಲ್ಲ ಅಂತಾದರೆ ಆಗ ಹುಡುಗನನ್ನು ಇಳಿಸಿ. ಹಿಂದೆಮುಂದೆ ನೋಡಬೇಡಿ.

ನಡುವಿನ ದಾರಿಯೂ ಇದೆ. ತಂಡದಲ್ಲಿ 12 ಜನ, ಒಳಗೆ 7, ಹೊರಗೆ 5. ಬದಲಿಯಾಗಿ ಹೊರಗೆ ಹೋದವರು ಮತ್ತೆ ಒಳಗೆ ಬರಬಹುದು. 20 ನಿಮಿಷದ ಮೊದಲ ಅರ್ಧ ಅಣ್ಣ ಆಡಲಿ, ಎರಡನೇ ಅರ್ಧದ ಶುರುವಿನಲ್ಲಿ ಹುಡುಗನಿಗೆ ಹತ್ತು ನಿಮಿಷ ಕೊಡಿ, ಕೊನೆಗೆ ಅಣ್ಣ ಮತ್ತೆ ಬರಲಿ. ಅಂಕಣದಲ್ಲಿ ಮೂವರೇ ಉಳಿದು, ಹಿಡಿದರೆ ಒಂದು ಅಂಕ ಜಾಸ್ತಿ ಸಿಗುವ ಸೂಪರ್ ಟ್ಯಾಕಲ್, ಬಿಟ್ಟರೆ ತಂಡದ ಎಲ್ಲರೂ ಹೊರಗಾಗುವ ಆಲ್ ಔಟ್ ಹತ್ತಿರ ಅನ್ನುವ ಹೊತ್ತಿನಲ್ಲಿ ಕಾರ್ನರ್‌ನಲ್ಲಿ ಯಾರು ಬೇಕು ಅಂತ ನಿಮ್ಮ ಉಳಿದ ಆರು ಜನರನ್ನು ಒಬ್ಬೊಬ್ಬರನ್ನಾಗಿ ಕೇಳಿ ನೋಡಿ.

ಕೊನೆಗೂ ಬದಲಾಯಿಸಲೇಬೇಕು ಅಂತಾದರೆ ಅವರ ಮನೆಗೆ ಹೋಗಿ ನೀವೇ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಲಿಸ್ಟ್ ಹಾಕಿ ತಿಳಿಸಬೇಡಿ. ನಾನು ತಂಡ ನೋಡಿಕೊಳ್ಳುತ್ತಿದ್ದಾಗ ಒಮ್ಮೆ ಹೀಗೆ ಮುಖಕ್ಕೆ ಹೇಳದೆ ಒಬ್ಬರನ್ನು ಕೈಬಿಟ್ಟಿದ್ದೇನೆ. ನಮ್ಮ ಕಾರ್ನರ್ ಮಂಡಿಗೆ ಬಟ್ಟೆ ಕಟ್ಟಿಕೊಂಡು, ಮೈ ಬಿಸಿ ಮಾಡಿಕೊಂಡು ಗೆರೆಯ ಹತ್ತಿರ ನಿಂತಿದ್ದರು. ಮೈಕಿನಲ್ಲಿ ಏಳು ಹೆಸರು ಓದಿದರು, ಅವರದ್ದು ಇರಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಬಟ್ಟೆ ಬಿಚ್ಚಿ ಮಡಚಿ ಚೀಲಕ್ಕೆ ಹಾಕಿದರು. ಆ ಪಂದ್ಯ ನಾವು ಗೆದ್ದೆವು. ಆಮೇಲೆ ಅವರು ಮೈದಾನದ ಕಡೆಗೆ ಬರಲಿಲ್ಲ, ಅವರ ಇಬ್ಬರು ಮಕ್ಕಳೂ ಬರಲಿಲ್ಲ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ಅಲ್ಲಿಯ ಫುಟ್‌ಬಾಲ್ ಮಾತು. ಅವನ ತಂಡದ ಲೈನ್‌ಬ್ಯಾಕರ್ ಚೆನ್ನಾಗಿ ಆಡುತ್ತಿಲ್ಲ, ಆದರೂ ಕೋಚ್ ತೆಗೆಯುವುದಿಲ್ಲ ಅಂತ ಕೊರಗುತ್ತಾನೆ. ಲೈನ್‌ಬ್ಯಾಕರ್ ಅಂದರೆ ಯಾರು? ಯಾಕೆ ತೆಗೆಯುವುದಿಲ್ಲ?
– ಓದುಗರೊಬ್ಬರು, ಹೊಸೂರು

ಉತ್ತರ: ಮೇಲಿನ ಪತ್ರಕ್ಕೂ ನಿಮ್ಮ ಪತ್ರಕ್ಕೂ ಹತ್ತಿರದ ನಂಟಿದೆ, ಅದಕ್ಕೇ ಒಟ್ಟಿಗೆ ತೆಗೆದುಕೊಂಡೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಕಡೆ 11 ಜನ. ಕಾಯುವ ತಂಡದಲ್ಲಿ ಎಲ್ಲರಿಗಿಂತ ಮುಂದೆ ದಪ್ಪ ಆಳುಗಳ ಒಂದು ಸಾಲು, ಅವರ ಬೆನ್ನ ಹಿಂದೆ ಲೈನ್‌ಬ್ಯಾಕರ್‌ಗಳು, ಇನ್ನೂ ಹಿಂದೆ ಓಟದಲ್ಲಿ ಚುರುಕಾದವರು. ಚೆಂಡು ಹಿಡಿದು ನುಗ್ಗುವವನನ್ನು ಕೆಡವುವುದು, ಪಾಸ್ ಹಿಡಿಯಲು ಓಡುವವನ ಬೆನ್ನು ಹತ್ತುವುದು, ಕೆಲವೊಮ್ಮೆ ಪಾಸ್ ಎಸೆಯುವ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆಯೇ ನುಗ್ಗುವುದು, ಮೂರೂ ಲೈನ್‌ಬ್ಯಾಕರ್ ಕೆಲಸವೇ.

ಕೋಚ್ ತೆಗೆಯದಿರಲು ಒಂದು ದೊಡ್ಡ ಕಾರಣ ಇರಬಹುದು. ಅಲ್ಲಿಯ ಎನ್‌ಎಫ್‌ಎಲ್ ಲೀಗ್‌ನಲ್ಲಿ 2008ರಿಂದ ಕಾಯುವ ತಂಡದ ಒಬ್ಬನ ಹೆಲ್ಮೆಟ್ ಒಳಗೆ ಸಣ್ಣ ಸ್ಪೀಕರ್ ಇಡಲು ಅನುಮತಿ ಇದೆ. ಕೋಚ್ ಹೇಳುವುದು ಅವನಿಗೆ ಮಾತ್ರ ಕೇಳುತ್ತದೆ, ಅವನು ಉಳಿದ ಹತ್ತು ಜನಕ್ಕೆ ದಾಟಿಸಬೇಕು. ಆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಹೆಚ್ಚಾಗಿ ಆ ಹೆಲ್ಮೆಟ್ ನಡುವಿನ ಲೈನ್‌ಬ್ಯಾಕರ್‌ಗೇ. ಪ್ರತಿ ಸಲ ಆಟ ಶುರು ಮಾಡಲು ಇರುವ ಹೊತ್ತನ್ನು ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿಯೂ ನಿಲ್ಲುತ್ತದೆ, ಆಮೇಲೆ ಎದುರಾಳಿ ಜಾಗ ಬದಲಿಸಿದರೆ ಇವನೇ ನೋಡಿ ಕೂಗಿ ಎಲ್ಲರನ್ನೂ ಸರಿಪಡಿಸಬೇಕು. ಮಗ ನೋಡುವ ಆಟಗಾರನ ತಲೆಯ ಮೇಲೆ ಆ ಚುಕ್ಕೆ ಇದ್ದರೆ, ಅವನನ್ನು ತೆಗೆಯುವುದು ಅಂದರೆ ತಂಡದ ಬಾಯಿಯನ್ನೇ ಬದಲಾಯಿಸಿದ ಹಾಗೆ.

ಆದರೂ ಪೂರ್ತಿ ಆಡಿಸಲೇಬೇಕು ಅಂತಿಲ್ಲ. ಆ ಆಟದಲ್ಲಿ ಪ್ರತಿ ಸಲ ಆಟ ನಿಂತಾಗಲೂ ಎಷ್ಟು ಜನರನ್ನಾದರೂ ಬದಲಿಸಬಹುದು. ಎದುರಾಳಿ ಪಾಸ್ ಎಸೆಯುವ ಸೂಚನೆ ಇದ್ದಾಗ ನಿಧಾನದ ಲೈನ್‌ಬ್ಯಾಕರ್‌ನನ್ನು ಹೊರಗೆ ಕರೆದು ಓಟಗಾರನನ್ನು ಕಳಿಸುವುದು ಅಲ್ಲಿ ದಿನನಿತ್ಯದ ಮಾತು. ಮಗನಿಗೆ ಇನ್ನೊಂದು ಪ್ರಶ್ನೆ ಕೇಳಿ. ಮುಂದಿನ ಸಾಲಿನ ದಪ್ಪ ಆಳುಗಳು ಎದುರಾಳಿಗಳನ್ನು ತಡೆದು ಹಿಡಿಯುತ್ತಿದ್ದಾರಾ? ಅವರು ಸೋತರೆ 140 ಕೆಜಿಯ ಆಳು ನೇರವಾಗಿ ಬಂದು ಲೈನ್‌ಬ್ಯಾಕರ್ ಮೇಲೆ ಬೀಳುತ್ತಾನೆ. ಟಿವಿಯಲ್ಲಿ ಕಾಣುವುದು ಮಾತ್ರ ಲೈನ್‌ಬ್ಯಾಕರ್ ಬಿದ್ದದ್ದು. ಹಾಗಲ್ಲ, ದಾರಿ ತೆರವಾಗಿಯೇ ಇತ್ತು, ಆದರೂ ಅವನು ತಪ್ಪು ಕಡೆಗೆ ಓಡಿದ ಅಂತ ಮಗ ಹೇಳಿದರೆ ಕೊರಗು ನ್ಯಾಯವೇ.

ಪ್ರಶ್ನೆ: ನನಗೆ 20 ವರ್ಷ. ಊರ ಕಬಡ್ಡಿ ತಂಡದಾಗ ನಮ್ಮ ಕಾಕಾ ಆಡುತ್ತಿದ್ದ ಲೆಫ್ಟ್ ಕಾರ್ನರ್ ಜಾಗ ಈಗ ನನಗೆ ಕೊಟ್ಟಾರ. ಕಾಕಾ ಮಾತು ಬಿಟ್ಟಾರ. ಆಡಲೋ ಬಿಡಲೋ?
– ಜತ್ತ ತಾಲೂಕಿನಿಂದ

ಉತ್ತರ: ಆಡು ತಮ್ಮಾ. ನೀನು ಜಾಗ ಕಸಿದುಕೊಂಡಿಲ್ಲ, ತಂಡ ಕೊಟ್ಟಿದೆ. ನೀನು ಬಿಟ್ಟರೆ ಇನ್ನೊಬ್ಬ ಬರುತ್ತಾನೆ, ಕಾಕಾಗೆ ಅದು ಇನ್ನೂ ಬೇಸರ. ಕ್ಷಮೆ ಕೇಳಲು ಹೋಗಬೇಡ, ಅದು ಅವರಿಗೆ ಚುಚ್ಚುತ್ತದೆ. ಕೆಲಸ ಕೇಳಿಕೊಂಡು ಹೋಗು. ಎಡಗಡೆಗೆ ಬರುವ ರೈಡರ್‌ನ ಯಾವ ಕಾಲು ನೋಡುತ್ತಿದ್ದಿರಿ ಕಾಕಾ, ಸೊಂಟ ನೋಡುತ್ತಿದ್ದಿರಾ, ಕಣ್ಣು ನೋಡುತ್ತಿದ್ದಿರಾ ಅಂತ ಕೇಳು. ಮೊದಲ ದಿನ ಬೈದು ಕಳಿಸಬಹುದು. ಎರಡು ದಿನ ಬಿಟ್ಟು ಮತ್ತೆ ಹೋಗು. ಅಷ್ಟು ವರ್ಷ ಆ ಮೂಲೆಯಲ್ಲಿ ನಿಂತವರು ಈ ಪ್ರಶ್ನೆಗೆ ಜಾಸ್ತಿ ದಿನ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡ, ಸುಮ್ನೆ ಕೇಳು.